ಎಲ್ಲರಿಗೂ ಬರುವ ನೋವು ತಾನೆ?

2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆ ಕೊಡಲು ಒಪ್ಪಿತು. ನವೆಂಬರ್‌ನಲ್ಲಿ ಆದೇಶ ಹೊರಬಿತ್ತು. ಡಿಸೆಂಬರ್ ಹೊತ್ತಿಗೆ ಹೋಟೆಲ್ ಮಾಲೀಕರು ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದರು. ಈ ರಜೆಗೆ ವೈದ್ಯರ ಸರ್ಟಿಫಿಕೇಟ್ ಬೇಕಿಲ್ಲ. 2023ರಲ್ಲಿ ಯುರೋಪಿನಲ್ಲೇ ಮೊದಲಿಗೆ ಇಂಥ ಕಾನೂನು ತಂದ ಸ್ಪೇನ್ ಇದಕ್ಕೆ ತದ್ವಿರುದ್ಧ: ಅಲ್ಲಿ ವೈದ್ಯರು ಬರೆದುಕೊಟ್ಟರೆ ಮಾತ್ರ ರಜೆ.

ಎರಡರಲ್ಲೂ ನ್ಯಾಯವಿದೆ. ಪ್ರತಿ ತಿಂಗಳೂ ನೋವಿಗೆ ಸಾಕ್ಷಿ ಕೇಳುವುದು ಅವಮಾನ ಎನ್ನುವುದು ಒಂದು ವಾದ. ಸಾಕ್ಷಿಯ ನೆಪದಲ್ಲಾದರೂ ಹೆಣ್ಣು ವೈದ್ಯರನ್ನು ಕಾಣುತ್ತಾಳೆ ಎನ್ನುವುದು ಇನ್ನೊಂದು. ಆದರೆ ರಜೆಯ ಗದ್ದಲದಲ್ಲಿ ಮೂಲ ಪ್ರಶ್ನೆ ಬದಿಗೆ ಸರಿದಿದೆ. ತಿಂಗಳು ತಿಂಗಳೂ ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗುವವಳಿಗೆ ರಜೆ ವಿಶ್ರಾಂತಿ ಕೊಡಬಹುದು, ರೋಗ ಪತ್ತೆ ಮಾಡಲಾರದು. ಎಂಥ ನೋವು ಸಹಜ, ಎಂಥದ್ದು ರೋಗ, ಯಾವಾಗ ಯಾರ ಬಳಿ ಹೋಗಬೇಕು ಎಂಬ ಬಗ್ಗೆ ವೈದ್ಯಲೋಕದಲ್ಲೇ ನೂರು ವರ್ಷಗಳಿಂದ ಜಗಳವಿದೆ.

ಹಳೆಯ ಗ್ರಂಥ, ಹಳೆಯ ಸಲಹೆ

ಚರಕ ಸಂಹಿತೆಯ ಚಿಕಿತ್ಸಾಸ್ಥಾನ ಹೆಣ್ಣಿನ ಜನನಾಂಗಕ್ಕೆ ಸಂಬಂಧಿಸಿದ 20 ವ್ಯಾಧಿಗಳನ್ನು ಹೆಸರಿಸುತ್ತದೆ. ಅವುಗಳಲ್ಲೊಂದು ಉದಾವರ್ತಿನಿ. ಕೆಳಗೆ ಹರಿಯಬೇಕಾದ ವಾತ ಮೇಲಕ್ಕೆ ತಿರುಗಿ ನೋವು ಹುಟ್ಟುತ್ತದೆ, ಸ್ರಾವ ಹೊರಬಿದ್ದ ಕೂಡಲೇ ಹೆಣ್ಣಿಗೆ ಹಗುರವಾಗುತ್ತದೆ ಎಂಬುದು ಅದರ ವಿವರಣೆ. ವಾತದ ಸಿದ್ಧಾಂತವನ್ನು ಒಪ್ಪದವರೂ ಇದರ ಹಿಂದಿನ ಕಣ್ಣನ್ನು ಮೆಚ್ಚಬೇಕು. ಹಾಗೆ ಬಂದು ಹಾಗೆ ಇಳಿಯುವ ನೋವನ್ನು ಇಂದಿನ ಸ್ತ್ರೀರೋಗ ತಜ್ಞರೂ ಬೇರೆ ವರ್ಗವಾಗಿಯೇ ನೋಡುತ್ತಾರೆ. ಅದು ವ್ಯಾಧಿಗಳ ಪಟ್ಟಿಯಲ್ಲಿತ್ತು ಎಂಬುದೂ ಮುಖ್ಯ. ಹೆಣ್ಣಾದ ಮೇಲೆ ಸಹಿಸಲೇಬೇಕು ಎಂದು ಚರಕ ಕೈತೊಳೆದುಕೊಂಡಿರಲಿಲ್ಲ.

ಗ್ರೀಸಿನ ಹಿಪೊಕ್ರೆಟಿಕ್ ಬರಹಗಳು ಕನ್ನೆಯರ ಮುಟ್ಟಿನ ತೊಂದರೆಗೆ ಕೊಟ್ಟ ಮದ್ದು ಮದುವೆ ಮತ್ತು ಬಸಿರು. ಇದಕ್ಕೆ ಸಿಕ್ಕಷ್ಟು ದೀರ್ಘಾಯುಸ್ಸು ಬೇರೆ ಯಾವ ಔಷಧಕ್ಕೂ ಸಿಕ್ಕಿಲ್ಲ. 1940ರ ದಶಕದಲ್ಲಿ ಅಮೆರಿಕದ ಹೆಸರಾಂತ ಸ್ತ್ರೀರೋಗ ತಜ್ಞ ಜೋ ವಿನ್ಸೆಂಟ್ ಮೀಗ್ಸ್ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಗೆ ತಡವಾದ ಮದುವೆ, ತಡವಾದ ಹೆರಿಗೆಯೇ ಕಾರಣವೆಂದು ವಾದಿಸಿ, ಬೇಗ ಮಕ್ಕಳನ್ನು ಹೆರುವಂತೆ ಸಲಹೆ ಮಾಡಿದರು. ‘ಮದುವೆ ಆಗ್ಲಿ ಬಿಡು, ಒಂದು ಮಗು ಆದ್ಮೇಲೆ ಎಲ್ಲ ಸರಿಹೋಗುತ್ತೆ’ ಎನ್ನುವ ನಮ್ಮ ಚಿಕ್ಕಮ್ಮ, ಸೋದರತ್ತೆಯರಿಗೆ ಹಿಪೊಕ್ರೆಟಿಸ್ ಗೊತ್ತಿರಲಿಕ್ಕಿಲ್ಲ, ಮಾತು ಮಾತ್ರ ಅದೇ.

ಅದರಲ್ಲಿ ಕಾಳಷ್ಟು ಸತ್ಯವಿದೆ. ಯಾವ ರೋಗವೂ ಇಲ್ಲದೆ ಬರುವ ಮುಟ್ಟಿನ ನೋವು ಹೆರಿಗೆಯ ನಂತರ ಹಲವರಲ್ಲಿ ಕಡಿಮೆಯಾಗುತ್ತದೆ. ರೋಗದಿಂದ ಬರುವ ನೋವಿಗೆ ಈ ಮಾತು ಸಲ್ಲದು. ಬಸಿರಿನಲ್ಲಿ ಮುಟ್ಟು ನಿಂತಿರುವಷ್ಟು ಕಾಲ ತಣ್ಣಗಿದ್ದ ಕಾಯಿಲೆ ಮತ್ತೆ ಕಾಣಿಸಿಕೊಳ್ಳಬಹುದು. ಎಂಡೊಮೆಟ್ರಿಯೋಸಿಸ್ ಗುಣವಾಗಲೆಂದೇ ಬಸಿರಾಗಿ ಎಂಬ ಸಲಹೆ ಕೊಡಬಾರದೆಂದು ಯುರೋಪಿನ ತಜ್ಞರ ಸಂಘ ಎಶ್ರೆ 2022ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿದೆ.

ಮನಸ್ಸಿನ ದೋಷವೆಂದ ಕಾಲ

ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯೆ ಕ್ಲೀಲಿಯಾ ಮೋಶರ್ ವಿದ್ಯಾರ್ಥಿನಿಯರ ಮುಟ್ಟಿನ ವಿವರಗಳನ್ನು ವರ್ಷಗಟ್ಟಲೆ ದಾಖಲಿಸಿದರು. ಬಿಗಿಯಾದ ಉಡುಪು, ಮೈ ಅಲುಗಿಸದ ಬದುಕು, ನೋವು ಬಂದೇ ಬರುತ್ತದೆಂಬ ನಿರೀಕ್ಷೆ ಇವೇ ಕಾರಣವೆಂದು ಅವರು ನಂಬಿದ್ದರು. ಹೊಟ್ಟೆಯ ಉಸಿರಾಟದ ವ್ಯಾಯಾಮವನ್ನೂ ರೂಪಿಸಿದರು. ಹೆಣ್ಣು ಹುಟ್ಟಿನಿಂದಲೇ ದುರ್ಬಲಳು ಎನ್ನುತ್ತಿದ್ದ ಕಾಲಕ್ಕೆ ಅದು ದಿಟ್ಟ ಉತ್ತರ. ನಿಯಮಿತ ವ್ಯಾಯಾಮ ನೋವನ್ನು ತಗ್ಗಿಸುತ್ತದೆ ಎಂಬುದಕ್ಕೆ ಈಗಲೂ ಬೆಂಬಲವಿದೆ. ಆದರೆ ಈ ವಾದಕ್ಕೆ ಒಂದು ಅಪಾಯದ ಮಗ್ಗುಲೂ ಇತ್ತು: ನೋವಿಗೆ ನೋಯುವವಳೇ ಹೊಣೆ.

ಮನೋವಿಶ್ಲೇಷಣೆಯ ಪ್ರಭಾವ ಹೆಚ್ಚಿದಂತೆ ಈ ಮಗ್ಗುಲೇ ದೊಡ್ಡದಾಯಿತು. ತನ್ನ ಹೆಣ್ತನವನ್ನು ಒಪ್ಪಿಕೊಳ್ಳದ ಮನಸ್ಸು, ತಾಯಿಯಿಂದ ಕಲಿತ ನರಳಾಟ, ಕೆಲಸ ತಪ್ಪಿಸಿಕೊಳ್ಳುವ ಬಯಕೆ ಎಂಬೆಲ್ಲ ಕಾರಣಗಳು ಗಂಭೀರ ಪಠ್ಯಪುಸ್ತಕಗಳಲ್ಲೇ 1970ರ ದಶಕದವರೆಗೂ ಉಳಿದುಕೊಂಡವು. ಅಂಥ ಪುಸ್ತಕ ಓದಿದ ವೈದ್ಯರು ಮುಂದಿನ ಪೀಳಿಗೆಗೆ ಪಾಠ ಮಾಡಿದರು. ಇಂದಿಗೂ ಎಲ್ಲೋ ಒಂದು ಕ್ಲಿನಿಕ್ಕಿನಲ್ಲಿ ‘ಟೆನ್ಷನ್ ಮಾಡ್ಕೋಬೇಡಮ್ಮ’ ಎಂದು ಹುಡುಗಿಯನ್ನು ಕಳಿಸಿಬಿಡುವುದರ ಬೇರು ಇಲ್ಲಿದೆ.

ರಾಸಾಯನಿಕದ ಸುಳಿವು

ಆ ವಾದವನ್ನು ಅಲುಗಿಸಿದ್ದು ಪ್ರಯೋಗಾಲಯ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ವಿ. ಆರ್. ಪಿಕಲ್ಸ್ ಎಂಬ ಶರೀರಕ್ರಿಯಾ ವಿಜ್ಞಾನಿ, ಮುಟ್ಟಿನ ಸ್ರಾವದಲ್ಲಿ ಸ್ನಾಯುವನ್ನು ಸಂಕುಚಿಸುವ ವಸ್ತುವೊಂದಿದೆ ಎಂದು 1957ರಲ್ಲಿ ವರದಿ ಮಾಡಿದರು. ಮುಂದಿನ ದಶಕದಲ್ಲಿ ಅದು ಪ್ರೊಸ್ಟಗ್ಲಾಂಡಿನ್ ಎಂದು ಖಚಿತವಾಯಿತು. ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರ ಕಳಚುವಾಗ ಇದು ಬಿಡುಗಡೆಯಾಗುತ್ತದೆ. ಪ್ರಮಾಣ ಹೆಚ್ಚಿದರೆ ಗರ್ಭಕೋಶ ಹಿಂಡಿಕೊಳ್ಳುತ್ತದೆ, ಒಳಗಿನ ಒತ್ತಡ ಪಾದರಸದ ಅಳತೆಯಲ್ಲಿ 150 ಮಿ.ಮೀ. ದಾಟುವುದೂ ಉಂಟು. ಆಗ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ರಕ್ತ ಸಾಲದ ಹೃದಯ ನೋಯುವ ಹಾಗೆಯೇ ಗರ್ಭಕೋಶವೂ ನೋಯುತ್ತದೆ. ವಾಂತಿ, ಭೇದಿ, ತಲೆಸುತ್ತು ಇದೇ ರಾಸಾಯನಿಕದ ಉಳಿದ ಕರಾಮತ್ತುಗಳು.

ಆಸ್ಪಿರಿನ್ ಜಾತಿಯ ಔಷಧಗಳು ಪ್ರೊಸ್ಟಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತವೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಬಂತು. 1960ರ ದಶಕದಿಂದಲೇ ಬೇರೆ ನೋವುಗಳಿಗೆ ಬಳಕೆಯಲ್ಲಿದ್ದ ಮೆಫೆನಾಮಿಕ್ ಆಮ್ಲವನ್ನು ಅಮೆರಿಕದ ವೈದ್ಯೆ ಪೆನಿ ವೈಸ್ ಬಡಾಫ್ ಮುಟ್ಟಿನ ನೋವಿಗೆ ಕೊಟ್ಟು ನೋಡಿ, ಫಲಿತಾಂಶವನ್ನು 1979ರಲ್ಲಿ ಪ್ರಕಟಿಸಿದರು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಹುಡುಗಿಯರು ಹೆಸರು ಹೇಳಿ ಕೇಳುವ ‘ಮೆಫ್ಟಾಲ್’ ಇದೇ ಔಷಧ. 2023ರ ಕೊನೆಯಲ್ಲಿ ಭಾರತೀಯ ಔಷಧಕೋಶ ಆಯೋಗ, ಈ ಮಾತ್ರೆಯಿಂದ ಅಪರೂಪಕ್ಕೆ ಮೈತುಂಬ ದದ್ದು, ಜ್ವರ, ಅಂಗಾಂಗಗಳಿಗೂ ತಗಲುವ ತೀವ್ರ ಅಲರ್ಜಿ ಆಗಬಹುದೆಂದು ಎಚ್ಚರಿಸಿತು. ಸುದ್ದಿ ಕೇಳಿ ಬೆಚ್ಚಿದವರು ಅನೇಕರು. ಎಚ್ಚರಿಕೆಯ ಅರ್ಥ ಮಾತ್ರೆ ವಿಷ ಎಂದಲ್ಲ. ದದ್ದು, ಜ್ವರ ಕಂಡರೆ ನಿಲ್ಲಿಸಿ ವೈದ್ಯರನ್ನು ಕಾಣಿ ಎಂದು.

ರಾಸಾಯನಿಕ ಸಿದ್ಧಾಂತ ಬಹಳಷ್ಟನ್ನು ವಿವರಿಸುತ್ತದೆ, ಎಲ್ಲವನ್ನೂ ಅಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2015ರ ಪರಾಮರ್ಶೆ 80 ಪ್ರಯೋಗಗಳನ್ನು, 5,820 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿತು. ಹುಸಿ ಗುಳಿಗೆ ನುಂಗಿದವರಲ್ಲಿ ಶೇ 18 ಮಂದಿಗೆ ಸಾಕಷ್ಟು ಆರಾಮ ಸಿಕ್ಕರೆ, ಆಸ್ಪಿರಿನ್ ಜಾತಿಯ ಮಾತ್ರೆ ತೆಗೆದುಕೊಂಡವರಲ್ಲಿ ಅದು ಶೇ 45ರಿಂದ 53. ಒಳ್ಳೆಯ ಫಲಿತಾಂಶವೇ. ಆದರೂ ಸುಮಾರು ಅರ್ಧದಷ್ಟು ಮಂದಿ ಹೊರಗೇ ಉಳಿದರು.

ಕೆಲವರಲ್ಲಿ ಕಾರಣ ಸರಳ: ನೋವು ತಾರಕಕ್ಕೇರಿದ ಮೇಲೆ ಮಾತ್ರೆ ನುಂಗುತ್ತಾರೆ. ಪ್ರೊಸ್ಟಗ್ಲಾಂಡಿನ್ ತಯಾರಾಗುವ ಮೊದಲೇ ತಡೆಯಬೇಕಾದ್ದರಿಂದ ನೋವಿನ ಮೊದಲ ಸುಳಿವಿಗೇ, ಹೊಟ್ಟೆಗೆ ಏನಾದರೂ ಹಾಕಿಕೊಂಡು, ತೆಗೆದುಕೊಳ್ಳಬೇಕು. ಹೊಟ್ಟೆಹುಣ್ಣು, ಅಸ್ತಮಾ, ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬಿಸಿ ಶಾಖದ ಬಗ್ಗೆಯೂ ಒಂದು ಮಾತು: 2001ರ ಪ್ರಯೋಗವೊಂದರಲ್ಲಿ 39 ಡಿಗ್ರಿ ಬಿಸಿಯ ಪಟ್ಟಿ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಗೆ ಸಮನಾಗಿ ಕೆಲಸ ಮಾಡಿತ್ತು. ಅಜ್ಜಿಯ ಬಿಸಿನೀರಿನ ಬಾಟಲಿಗೆ ಅಷ್ಟಾದರೂ ಮರ್ಯಾದೆ ಸಲ್ಲಬೇಕು.

ಮಾತ್ರೆಗೆ ಬಗ್ಗದ ನೋವು

ಸರಿಯಾಗಿ ಮಾತ್ರೆ ತೆಗೆದುಕೊಂಡರೂ ಬಗ್ಗದ ನೋವಿನ ಹಿಂದೆ ಬೇರೇನೋ ಇರಬಹುದು. ಗರ್ಭಕೋಶದ ಗೋಡೆಯೊಳಕ್ಕೇ ಒಳಪದರ ಇಳಿಯುವ ಅಡೆನೊಮಯೋಸಿಸ್, ಫೈಬ್ರಾಯ್ಡ್ ಗೆಡ್ಡೆ, ಸೋಂಕು, ನಮ್ಮ ದೇಶದಲ್ಲಿ ಮರೆಯಬಾರದ ಜನನಾಂಗದ ಕ್ಷಯ, ಹುಟ್ಟಿನಿಂದಲೇ ಗರ್ಭಕೋಶದ ರಚನೆಯಲ್ಲಿರುವ ದೋಷ, ಹೀಗೆ ಪಟ್ಟಿ ಉದ್ದವಿದೆ. ಹೆಚ್ಚು ವಾದ ನಡೆದಿರುವುದು ಎಂಡೊಮೆಟ್ರಿಯೋಸಿಸ್ ಬಗ್ಗೆ. ಒಳಪದರದಂಥದೇ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯ, ಕರುಳು, ಮೂತ್ರಕೋಶದ ಮೇಲೆಲ್ಲ ಬೆಳೆಯುವ ಕಾಯಿಲೆ ಇದು. ಅಂಡಾಶಯದಲ್ಲಿ ಹಳೆಯ ರಕ್ತ ಗಟ್ಟಿಯಾಗಿ ಆಗುವ ‘ಚಾಕೊಲೇಟ್ ಸಿಸ್ಟ್’ ಹಲವರ ಸ್ಕ್ಯಾನ್ ರಿಪೋರ್ಟಿನಲ್ಲಿ ಕಾಣುವ ಹೆಸರು. ಹೆರುವ ವಯಸ್ಸಿನವರಲ್ಲಿ ಶೇ 10ರಷ್ಟು, ಜಗತ್ತಿನಲ್ಲಿ ಸುಮಾರು 19 ಕೋಟಿ ಮಂದಿಗೆ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಇದು ಹೇಗೆ ಬರುತ್ತದೆ? ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲಿ ಕೊಟ್ಟ ಉತ್ತರ: ಮುಟ್ಟಿನ ರಕ್ತದ ಒಂದು ಪಾಲು ಹಿಮ್ಮುಖವಾಗಿ ಅಂಡನಾಳಗಳ ಮೂಲಕ ಹೊಟ್ಟೆಯೊಳಗೆ ಚೆಲ್ಲಿ ಅಲ್ಲೇ ಬೇರೂರುತ್ತದೆ. ಚೆಂದದ ಸಿದ್ಧಾಂತ. ಆದರೆ ನಾಳ ತೆರೆದಿರುವ ಹೆಂಗಸರಲ್ಲಿ ಶೇ 90ರಷ್ಟು ಮಂದಿಗೆ ಹೀಗೆ ಹಿಮ್ಮುಖ ಹರಿವು ಇರುತ್ತದೆಂದು ಆಮೇಲೆ ತಿಳಿಯಿತು. ಎಲ್ಲರಲ್ಲೂ ಚೆಲ್ಲುವುದು ಕೆಲವರಲ್ಲಿ ಮಾತ್ರ ಬೇರೂರುವುದೇಕೆ? ರೋಗನಿರೋಧಕ ಶಕ್ತಿಯ ದೋಷ ಎನ್ನುವವರಿದ್ದಾರೆ, ಭ್ರೂಣಾವಸ್ಥೆಯಲ್ಲೇ ಉಳಿದುಹೋದ ಕೋಶಗಳು ಎನ್ನುವವರಿದ್ದಾರೆ. 2023ರಲ್ಲಿ ಅರುವತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ವಂಶವಾಹಿ ಅಧ್ಯಯನ 42 ತಾಣಗಳನ್ನು ಗುರುತಿಸಿತು. ಅದೇ ವರ್ಷ ಜಪಾನಿನ ನಗೋಯಾದ ತಂಡ ರೋಗಿಗಳಲ್ಲಿ ಶೇ 64 ಮಂದಿಯ ಗರ್ಭಕೋಶದ ಒಳಪದರದಲ್ಲಿ ಫ್ಯುಸೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಕಂಡಿತು. ರೋಗವಿಲ್ಲದವರಲ್ಲಿ ಅದು ಶೇ 10ಕ್ಕಿಂತ ಕಡಿಮೆ. ನಿಜವಾದರೆ ದೊಡ್ಡ ತಿರುವು. ಸದ್ಯಕ್ಕೆ ಯಾರೂ ಆ್ಯಂಟಿಬಯಾಟಿಕ್ ಬರೆಯಲು ಅವಸರ ಮಾಡಬೇಕಿಲ್ಲ.

ಇನ್ನೊಂದು ವಿಚಿತ್ರ: ರೋಗ ಎಷ್ಟು ಹರಡಿದೆ ಎಂಬುದಕ್ಕೂ ನೋವು ಎಷ್ಟಿದೆ ಎಂಬುದಕ್ಕೂ ತಾಳೆಯಾಗುವುದಿಲ್ಲ. ರೋಗದ ಒಂದೆರಡು ಚುಕ್ಕೆಯಷ್ಟೇ ಇದ್ದವಳು ಹಾಸಿಗೆ ಹಿಡಿಯಬಹುದು, ಹೊಟ್ಟೆತುಂಬ ಅಂಟಿಕೊಂಡವಳು ಬಂಜೆತನದ ತಪಾಸಣೆಗೆ ಬಂದಾಗಲೇ ಪತ್ತೆಯಾಗಬಹುದು. ನೋವಿನ ವಿಜ್ಞಾನಿಗಳು ಇಲ್ಲಿ ಹೊಸ ಮಾತು ಸೇರಿಸಿದ್ದಾರೆ. ವರ್ಷಗಟ್ಟಲೆ ತಿಂಗಳು ತಿಂಗಳೂ ನೋವುಂಡ ನರಮಂಡಲ ಸೂಕ್ಷ್ಮವಾಗಿಬಿಡುತ್ತದೆ, ಸಣ್ಣ ಪ್ರಚೋದನೆಯನ್ನೂ ದೊಡ್ಡ ನೋವಾಗಿ ಗ್ರಹಿಸುತ್ತದೆ. ‘ತಡೆದುಕೊಂಡರೆ ಅಭ್ಯಾಸವಾಗುತ್ತದೆ’ ಎಂಬ ಮನೆಮಾತಿಗೆ ಇದು ನೇರ ವಿರುದ್ಧ.

ಬಾಗಿಲು ದಾಟುವ ಮೊದಲೇ

ಎಂಡೊಮೆಟ್ರಿಯೋಸಿಸ್ ಪತ್ತೆಗೆ ಶ್ರೀಮಂತ ದೇಶಗಳಲ್ಲೂ ಏಳೆಂಟು ವರ್ಷ ಹಿಡಿಯುತ್ತದೆಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ತಡ ಎಲ್ಲಿ ಆಗುತ್ತದೆ? ಅರ್ಧ ಆಸ್ಪತ್ರೆಯಲ್ಲಿ, ಅರ್ಧ ಮನೆಯಲ್ಲಿ. ‘ನಮಗೂ ಬರ್ತಿತ್ತು ಕಣೇ, ನಾವೇನು ಡಾಕ್ಟರ ಹತ್ರ ಓಡಿದ್ವಾ?’ ಎನ್ನುವ ಅಮ್ಮ ಕಲ್ಲೆದೆಯವಳಲ್ಲ. ಆಕೆಗೂ ಅದೇ ಕಾಯಿಲೆ ಇದ್ದು, ಯಾರೂ ಹೆಸರಿಡದೇ ಹೋಗಿರಬಹುದು. ಎಂಡೊಮೆಟ್ರಿಯೋಸಿಸ್ ರಕ್ತಸಂಬಂಧಿಗಳಲ್ಲಿ ಬರುವ ಸಂಭವ ಹೆಚ್ಚು. ಅಮ್ಮನ ಈ ಮಾತು ಸಮಾಧಾನವಾಗುವ ಬದಲು ಎಚ್ಚರಿಕೆಯಾಗಬೇಕಿತ್ತು.

ಕನ್ನಡದಲ್ಲಿ ಈ ಮೌನ ಮುರಿಯುವ ಯತ್ನ ಹೊಸದೇನಲ್ಲ. ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನ ‘ವಧುವಿಗೆ ಕಿವಿಮಾತು’, ‘ತಾಯಿ–ಮಗು’ವಿನಂಥ ಪುಸ್ತಕಗಳಲ್ಲಿ ಹೆಣ್ಣಿನ ದೇಹದ ಬಗ್ಗೆ ಮನೆಯಲ್ಲಿಟ್ಟು ಓದಬಹುದಾದ ಕನ್ನಡ ಕಟ್ಟಿಕೊಟ್ಟರು. ಆದರೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು ಊರ ಹೊರಗಿಡುವ ಪದ್ಧತಿ ಈಚಿನವರೆಗೂ ವರದಿಯಾಗುತ್ತಲೇ ಇದೆ. ಹೊರಗೆ ಕೂತವಳು ನೋವೆಂದು ಯಾರನ್ನು ಕರೆಯಬೇಕು?

ಪೇಟೆಯ ಆಸ್ಪತ್ರೆಯ ತೊಡಕು ಬೇರೆ ಥರದ್ದು. ಸ್ತ್ರೀರೋಗ ವಿಭಾಗದ ಮುಂದೆ ಕೂತ ಇಪ್ಪತ್ತರ ಹುಡುಗಿಗೆ ಎದುರಾಗುವ ಮೊದಲ ಪ್ರಶ್ನೆ ‘ಮದುವೆ ಆಗಿದೆಯಾ?’ ಇಲ್ಲವೆಂದರೆ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಬಿಟ್ಟು, ಹೊಟ್ಟೆಯ ಮೇಲಿಂದ ಮಾತ್ರ ಮಾಡಿ ಕಳಿಸುವುದು ರೂಢಿ. ಸಣ್ಣ ಚುಕ್ಕೆಗಳು ಅದರಲ್ಲಿ ಕಾಣುವುದಿಲ್ಲ. ರಿಪೋರ್ಟು ‘ನಾರ್ಮಲ್’. ಮನೆಯವರ ಅನುಮಾನಕ್ಕೆ ಮೊಹರು ಬಿದ್ದಂತಾಯಿತು: ಇವಳದು ನಾಟಕ. ಅನುಭವಿ ತಜ್ಞರು ಇಂಥಲ್ಲಿ ಎಂಆರ್‌ಐ ಮಾಡಿಸುವುದುಂಟು, ಇಲ್ಲವೇ ಸ್ಕ್ಯಾನ್ ಏನೇ ಹೇಳಲಿ ಲಕ್ಷಣಗಳ ಆಧಾರದಲ್ಲೇ ಚಿಕಿತ್ಸೆ ಶುರುಮಾಡುವುದುಂಟು. ಎಶ್ರೆಯ 2022ರ ಮಾರ್ಗಸೂಚಿ ಎರಡನೆಯ ದಾರಿಯನ್ನು ಎತ್ತಿಹಿಡಿಯಿತು. ಹೊಟ್ಟೆಗೆ ರಂಧ್ರ ಕೊರೆದು ನೋಡುವ ಲ್ಯಾಪ್ರೊಸ್ಕೋಪಿಯೇ ಕೊನೆಯ ಪ್ರಮಾಣ ಎಂಬ ಹಳೆಯ ನಿಯಮವನ್ನು ಅದು ಸಡಿಲಿಸಿದೆ.

ಹಾರ್ಮೋನಿನವರು, ಕತ್ತರಿಯವರು

ಚಿಕಿತ್ಸೆಯಲ್ಲಿ ಮುಖ್ಯವಾಗಿ ಎರಡು ಬಣ. ಮೊದಲನೆಯವರು ಸಂತಾನನಿಯಂತ್ರಣ ಮಾತ್ರೆ, ಡೈನೋಜೆಸ್ಟ್ ಎಂಬ ಹಾರ್ಮೋನಿನ ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನ ಇತ್ಯಾದಿಗಳಿಂದ ಮುಟ್ಟನ್ನೇ ತೆಳುವಾಗಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ಹಲವರಿಗೆ ಇದು ವರ. ನಿಲ್ಲಿಸಿದರೆ ನೋವು ಮರಳಬಹುದು, ಮಗು ಬೇಕೆನ್ನುವವರಿಗೆ ಒಗ್ಗದು, ಜೊತೆಗೆ ಮದುವೆಯಾಗದ ಮಗಳ ಕೈಗೆ ‘ಮಕ್ಕಳಾಗದ ಮಾತ್ರೆ’ ಕೊಡಲು ನಮ್ಮ ಮನೆಗಳು ಅಂಜುತ್ತವೆ. ಈ ಮಾತ್ರೆ ನಿಲ್ಲಿಸಿದ ಮೇಲೆ ಬಸಿರಾಗುವ ಶಕ್ತಿ ಮರಳುತ್ತದೆ ಎಂಬುದನ್ನು ವೈದ್ಯರು ಬಿಡಿಸಿ ಹೇಳುವಷ್ಟು ಸಮಯ ಓಪಿಡಿಯ ಸರದಿಯಲ್ಲಿ ಸಿಗುವುದು ಕಷ್ಟ.

ಎರಡನೆಯ ಬಣ ರೋಗದ ಅಂಗಾಂಶವನ್ನು ಕತ್ತರಿಸಿ ತೆಗೆಯಬೇಕೆನ್ನುತ್ತದೆ. 2004ರ ಒಂದು ಸಣ್ಣ ಪ್ರಯೋಗದಲ್ಲಿ ಕತ್ತರಿಸಿ ತೆಗೆಸಿಕೊಂಡವರಲ್ಲಿ ಶೇ 80 ಮಂದಿಗೆ ನೋವು ತಗ್ಗಿತು; ಒಳಗೆ ನೋಡಿ ಸುಮ್ಮನೆ ಮುಚ್ಚಿದವರಲ್ಲೂ ಶೇ 32 ಮಂದಿಗೆ ತಗ್ಗಿತು! ಗರ್ಭಕೋಶದ ನರ ಕತ್ತರಿಸುವ ಶಸ್ತ್ರಚಿಕಿತ್ಸೆಯೊಂದು ಕೆಲಕಾಲ ಜನಪ್ರಿಯವಾಗಿತ್ತು. 2009ರ ದೊಡ್ಡ ಪ್ರಯೋಗ ಅದರಿಂದ ಪ್ರಯೋಜನವಿಲ್ಲವೆಂದು ತೋರಿಸಿತು. ಅಂಡಾಶಯದ ಸಿಸ್ಟ್ ತೆಗೆಯುವಾಗ ಅಂಡಾಣುಗಳ ದಾಸ್ತಾನೂ ಕರಗುತ್ತದೆ ಎಂಬುದು ಎಳೆಯರ ವಿಷಯದಲ್ಲಿ ತೂಗಿನೋಡಬೇಕಾದ ಸಂಗತಿ.

ಗರ್ಭಕೋಶವೇ ಬೇಡವೆಂದಾಗ

ಅಸಡ್ಡೆಯ ಇನ್ನೊಂದು ತುದಿ ಅತಿ ಚಿಕಿತ್ಸೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲ ಬಾರಿಗೆ ಗರ್ಭಕೋಶ ತೆಗೆಸಿಕೊಂಡವರನ್ನು ಎಣಿಸಿತು: 15ರಿಂದ 49ರ ವಯಸ್ಸಿನವರಲ್ಲಿ ಶೇ 3.2. ಶಸ್ತ್ರಚಿಕಿತ್ಸೆಯ ಮಧ್ಯಮ ವಯಸ್ಸು 34. ಮೂರರಲ್ಲಿ ಎರಡು ಪಾಲು ಖಾಸಗಿ ಆಸ್ಪತ್ರೆಗಳಲ್ಲಿ ಆದದ್ದು. ಅರ್ಧಕ್ಕಿಂತ ಹೆಚ್ಚು ಮಂದಿ ಹೇಳಿದ ಕಾರಣ ಅತಿಯಾದ ಮುಟ್ಟಿನ ಸ್ರಾವ ಅಥವಾ ನೋವು.

ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಕಥೆ 2019ರಲ್ಲಿ ದೇಶದ ಗಮನ ಸೆಳೆಯಿತು. ಗಂಡ–ಹೆಂಡತಿಯನ್ನು ಒಂದು ಜೋಡಿಯೆಂದು ಲೆಕ್ಕ ಹಿಡಿದು ಮುಂಗಡ ಕೊಡುವ ಗುತ್ತಿಗೆದಾರರು, ಒಂದು ದಿನ ತಪ್ಪಿದರೂ ದಂಡ ಹಾಕುತ್ತಿದ್ದರು. ಅಂಥಲ್ಲಿ ಮುಟ್ಟಿನ ನೋವು ಎಂದರೆ ಸಾಲ. ಗರ್ಭಕೋಶ ತೆಗೆಸಿಬಿಟ್ಟರೆ ತಾಪತ್ರಯವಿಲ್ಲ ಎಂದು ಆಸ್ಪತ್ರೆಗಳೂ ಹೇಳಿದವು. ಈ ಕೂಲಿಗಳೇ ಕಬ್ಬಿನ ಹಂಗಾಮಿನಲ್ಲಿ ಕರ್ನಾಟಕದ ಗಡಿ ಜಿಲ್ಲೆಗಳಿಗೂ ಬರುತ್ತಾರೆ. ಕಲಬುರಗಿಯಲ್ಲಂತೂ 2015ರ ಸುಮಾರಿಗೆ ಲಂಬಾಣಿ, ದಲಿತ ಹೆಂಗಸರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳು ಅನಗತ್ಯವಾಗಿ ತೆಗೆದ ಆರೋಪ ಎದ್ದು, ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ಬೀದಿಗಿಳಿದವು, ಸರ್ಕಾರಿ ತನಿಖೆ ನಡೆಯಿತು. ಹೊಟ್ಟೆನೋವೆಂದು ಹೋದವರಿಗೆ ಸಿಕ್ಕಿದ್ದು ಕ್ಯಾನ್ಸರಿನ ಭಯ ಮತ್ತು ಕತ್ತರಿ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೊಳಿಸಲು ರಾಜ್ಯಗಳಿಗೆ ಆದೇಶಿಸಿತು.

‘ಇದೆಲ್ಲ ಮಾಮೂಲು’ ಎಂದು ಮರಳಿ ಕಳಿಸುವ ವೈದ್ಯರಿಗೂ ‘ತೆಗೆದೇಬಿಡೋಣ’ ಎನ್ನುವ ವೈದ್ಯರಿಗೂ ಮೇಲ್ನೋಟಕ್ಕೆ ಅಜಗಜಾಂತರ. ಇಬ್ಬರೂ ಬಿಟ್ಟುಬಿಟ್ಟ ಕೆಲಸ ಮಾತ್ರ ಒಂದೇ: ನೋವು ಯಾವಾಗ ಶುರುವಾಯಿತು, ಮುಟ್ಟಿಗೆ ಎಷ್ಟು ದಿನ ಮೊದಲು ಬರುತ್ತದೆ, ಯಾವ ಮಾತ್ರೆ ಎಷ್ಟು ಕೆಲಸ ಮಾಡಿತು ಎಂದು ಕೂತು ಕೇಳುವುದು. ಅದಕ್ಕೆ ಯಂತ್ರ ಬೇಕಿಲ್ಲ, ಹದಿನೈದು ನಿಮಿಷ ಬೇಕು.

ಇನ್ನೂ ತೀರ್ಮಾನವಾಗದ್ದು

ಎಂಡೊಮೆಟ್ರಿಯೋಸಿಸ್‌ನ ಕಾರಣ ಗೊತ್ತಾಗಿಲ್ಲ. ಎಲ್ಲೆಡೆ ಒಪ್ಪಿತವಾದ ರಕ್ತಪರೀಕ್ಷೆ ಬಂದಿಲ್ಲ. ಹದಿಹರೆಯದಲ್ಲೇ ಚಿಕಿತ್ಸೆ ಕೊಟ್ಟರೆ ರೋಗ ಮುಂದುವರಿಯುವುದು ತಪ್ಪುತ್ತದೆಯೇ, ಮುಂದೆ ಮಕ್ಕಳಾಗುವುದು ಸುಲಭವಾಗುತ್ತದೆಯೇ ಎಂಬುದಕ್ಕೆ ಗಟ್ಟಿ ಪುರಾವೆ ಸಾಲದು. ಸೂಕ್ಷ್ಮಗೊಂಡ ನರಮಂಡಲವನ್ನು ಮತ್ತೆ ಶಾಂತಗೊಳಿಸುವ ಖಚಿತ ದಾರಿ ಸಿಕ್ಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಎಷ್ಟರವರೆಗೆ ಚಿಕಿತ್ಸೆ ಕೊಡಬೇಕು, ಹದಿಹರೆಯದವರಿಗೆಂದೇ ಇರುವ ಸ್ನೇಹಾ ಕ್ಲಿನಿಕ್ಕುಗಳು ಈ ಹೊಣೆ ಹೊರಬಲ್ಲವೇ ಎಂಬ ಆಡಳಿತದ ಪ್ರಶ್ನೆಯೂ ಹಾಗೇ ಇದೆ.

ಯಾವಾಗ ಹೋಗಬೇಕು ಎಂಬುದರಲ್ಲಿ ಮಾತ್ರ ಬಣಗಳೆಲ್ಲ ಹೆಚ್ಚುಕಡಿಮೆ ಒಂದಾಗಿವೆ. ಶಾಲೆ, ಕೆಲಸ ತಪ್ಪುವಷ್ಟು ನೋವು, ಮುಟ್ಟಿಗೆ ದಿನಗಳ ಮೊದಲೇ ಶುರುವಾಗುವ ಅಥವಾ ಮುಗಿದ ಮೇಲೂ ಉಳಿಯುವ ನೋವು, ಆ ದಿನಗಳಲ್ಲಿ ಮಲ–ಮೂತ್ರ ವಿಸರ್ಜನೆಗೂ ಪ್ರಾಣ ಹೋದಂತಾಗುವುದು, ಸಂಭೋಗದ ವೇಳೆ ನೋವು, ಮೊದಲು ಇಲ್ಲದ್ದು ಇಪ್ಪತ್ತೈದು ದಾಟಿದ ಮೇಲೆ ಬರುವುದು, ಗಂಟೆಗೊಂದು ಪ್ಯಾಡ್ ಬದಲಿಸಬೇಕಾಗುವುದು. ಇವುಗಳಲ್ಲಿ ಒಂದಿದ್ದರೂ ಸಾಕು. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಘ 2018ರಲ್ಲಿ ಹೇಳಿದ್ದು: ಸರಿಯಾದ ಚಿಕಿತ್ಸೆಗೆ ಮೂರರಿಂದ ಆರು ತಿಂಗಳಲ್ಲಿ ಬಗ್ಗದಿದ್ದರೆ ಬೇರೆ ರೋಗವನ್ನು ಹುಡುಕಬೇಕು. ಹಾಗೆ ಬಗ್ಗದೆ ಲ್ಯಾಪ್ರೊಸ್ಕೋಪಿಗೆ ಒಳಗಾದ ಹದಿಹರೆಯದವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿಗಾದರೂ ಎಂಡೊಮೆಟ್ರಿಯೋಸಿಸ್ ಕಂಡುಬಂದಿದೆ.

ಮನೆಯಲ್ಲಿ ಹೀಗೆ ನರಳುವ ಮಗಳೋ ಸೊಸೆಯೋ ಇದ್ದರೆ ಮುಂದಿನ ಮೂರು ಮುಟ್ಟುಗಳ ತಾರೀಖು, ನೋವಿದ್ದ ದಿನಗಳು, ನುಂಗಿದ ಮಾತ್ರೆ, ತಪ್ಪಿದ ಕೆಲಸ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಿ. ತಡೆಯಲಾರದಷ್ಟು ನೋವಿದ್ದರೆ ಮೂರು ತಿಂಗಳೂ ಕಾಯಬೇಡಿ. ಹಾಳೆ ಹಿಡಿದು ಸ್ತ್ರೀರೋಗ ತಜ್ಞರ ಬಳಿ ಹೋಗಿ, ಅವಳ ಜೊತೆಗೆ ನೀವೂ ಹೋಗಿ. ಅದನ್ನು ಓದದೆಯೇ ಮಾಮೂಲು ಎಂದರೆ ಇನ್ನೊಬ್ಬ ವೈದ್ಯರನ್ನು ಕಾಣಿ. ಓದದೆಯೇ ಗರ್ಭಕೋಶ ತೆಗೆಯೋಣ ಎಂದರೂ ಇನ್ನೊಬ್ಬರನ್ನು ಕಾಣಿ.